ಅಳಿಯನ ಮರ್ಯಾದೆಯೂ ಕಾರಿನ ಬ್ರೇಕೂ

ಬಂದರಿನಲ್ಲಿ ಬಹುಕಾಲ ಕ್ರೇನ್ ನಡೆಸಿ ನಿವೃತ್ತನಾಗಿದ್ದರಿಂದ ಬೀದಿಯವರೆಲ್ಲ ಅವನನ್ನು ಕ್ರೇನಣ್ಣ ಎಂದೇ ಕರೆಯುತ್ತಿದ್ದರು. ಅವನು ಎರಡು ವಿಷಯದಲ್ಲಿ ಬಲು ನಾಜೂಕು. ಒಂದು, ಶೆಡ್ಡಿನಲ್ಲಿದ್ದ ಎರಡೇ ಬಾಗಿಲಿನ ಹಳೇ ಕೆಂಪು ಕಾರು. ಅದಕ್ಕೆ ಬಾನೆಟ್ಟೇ ಅರ್ಧ ಮೈ. ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಕಿಟಕಿ ಗಾಜು ಗಡಗಡ ನಡುಗುತ್ತಿತ್ತು. ಇನ್ನೊಂದು, ಒಬ್ಬಳೇ ಮಗಳ ಗಂಡ. ಕನ್ನಡಕದ ಅಂಗಡಿ ಇಟ್ಟಿದ್ದ ಆ ಮೆತ್ತಗಿನ ಮನುಷ್ಯ ಮನೆಗೆ ಬಂದರೆ ಸಾಕು, ಕ್ರೇನಣ್ಣ ಟೀವಿಯ ಸದ್ದು ತಗ್ಗಿಸಿ, ಶರ್ಟಿನ ಗುಂಡಿ ಹಾಕಿಕೊಂಡು, "ಬನ್ನಿ ಅಳಿಯಂದ್ರೆ, ಕೂತ್ಕೊಳ್ಳಿ" ಎನ್ನುತ್ತಿದ್ದ. ಆಮೇಲೆ ಇಬ್ಬರಿಗೂ ಮಾತು ಸಿಗದೆ ಫ್ಯಾನು ತಿರುಗುವುದನ್ನು ನೋಡುತ್ತ ಕೂರುತ್ತಿದ್ದರು.

ಹೀಗಿರುವಾಗ ಒಂದು ದಿನ ಹೆಂಡತಿಯನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದವನಿಗೆ ಬ್ರೇಕ್ ಪೆಡಲು ಕಾಲಡಿಯಲ್ಲಿ ತಳಕ್ಕೇ ಕುಸಿದುಹೋಯಿತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಯಾರೋ ಮನೆ ಕಟ್ಟಲು ಸುರಿಸಿದ್ದ ಮರಳಿನ ರಾಶಿಗೆ ಕಾರಿನ ಮೂತಿ ತೂರಿಸಿ ನಿಲ್ಲಿಸಿದ. ಯಾರಿಗೂ ಪೆಟ್ಟಾಗಲಿಲ್ಲ. ಹೆಂಡತಿ ಇಳಿದವಳೇ ತುಟಿಪಿಟಕ್ಕೆನ್ನದೆ ಮನೆಗೆ ನಡೆದೇ ಹೋದಳು. ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಅವನಿಗೆ.

ಕಾರನ್ನು ಶೆಡ್ಡಿಗೆ ಎಳೆಸಿ ತಂದು, ಅಡಿಯಲ್ಲಿ ತೂರಿ ನೋಡಿದ. ಹಿಂದಿನ ಚಕ್ರಗಳಿಗೆ ಬ್ರೇಕ್ ಆಯಿಲ್ ಒಯ್ಯುವ ಸಣ್ಣ ಪೈಪು ತುಕ್ಕು ತಿಂದು ತೂತು ಬಿದ್ದಿತ್ತು. ಮಿಕ್ಕ ಪೈಪುಗಳೂ ಇವತ್ತೋ ನಾಳೆಯೋ ಎನ್ನುವಂತಿದ್ದವು. ಎಲ್ಲವನ್ನೂ ಬದಲಿಸಿಬಿಡೋಣವೆಂದು ಹೊಸ ಪೈಪಿನ ಸುರುಳಿ ತಂದ. ಆದರೆ ಅದು ಒಬ್ಬನ ಕೈಲಾಗುವ ಕೆಲಸವಲ್ಲ, ಯಾವಾಗಲೂ ಜೊತೆಗಿರುತ್ತಿದ್ದ ಗೆಳೆಯ ಸೊಂಟ ಹಿಡಿದುಕೊಂಡು ಮಲಗಿದ್ದ.

"ಇವರನ್ನೇ ಕರಿ ಅಪ್ಪ, ಭಾನುವಾರ ಅಂಗಡಿ ರಜಾ," ಎಂದಳು ಮಗಳು.

"ಅಳಿಯಂದಿರ ಕೈಗೆ ಗ್ರೀಸು ಮೆತ್ತಿಸೋದಾ? ಚೆನ್ನಾಗಿರುತ್ತಾ ನೋಡೋಕೆ?"

"ಅವರೇನು ಗಾಜಿನ ಗೊಂಬೆನಾ? ಒಡೆದುಹೋಗಲ್ಲ ಬಿಡು."

ಭಾನುವಾರ ಅಳಿಯ ಇಸ್ತ್ರಿ ಮಾಡಿದ ಶರ್ಟಿನಲ್ಲೇ ಬಂದ. ಕ್ರೇನಣ್ಣ ಸ್ಟೂಲು ಒರೆಸಿ ಕೂರಿಸಿದ. ಹಳೇ ಪೈಪನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಅದರ ಅಂಕುಡೊಂಕಿನಂತೆಯೇ ಹೊಸದನ್ನು ಒಂದು ಡಬ್ಬಿಯ ಸುತ್ತ ಮೆಲ್ಲಗೆ ಬಗ್ಗಿಸುತ್ತ ಹೋದ. ಕೈಗಿಂತ ಬಾಯಿ ಜೋರಾಗಿತ್ತು. "ಅವಸರ ಮಾಡಬಾರದು ಅಳಿಯಂದ್ರೆ. ಬ್ರೇಕು ಅಂದ್ರೆ ಪ್ರಾಣ. ಒಂದೊಂದು ಹೆಜ್ಜೆನೂ ನೋಡಿ ಇಡಬೇಕು." ಹೇಳುತ್ತಲೇ ಪೈಪಿನ ಎರಡೂ ತುದಿಗಳನ್ನು ಬಾಯಿ ಅಗಲಿಸುವ ಸಾಧನದಲ್ಲಿ ಬಿಗಿದು ಕಹಳೆಯ ಬಾಯಿಯಂತೆ ಅಗಲಿಸಿದ. ಅಚ್ಚುಕಟ್ಟಾಗಿ ಬಂತು. ಕೂರಿಸಲು ಎತ್ತಿಕೊಂಡ. ಪೈಪಿಗೆ ಮೊದಲೇ ಪೋಣಿಸಬೇಕಿದ್ದ ನಟ್ಟುಗಳೆರಡೂ ಮೇಜಿನ ಮೇಲೆ ಹಾಗೇ ಕೂತಿದ್ದವು. ಅಗಲಿಸಿದ ತುದಿಯ ಮೇಲೆ ಇನ್ನು ಅವು ಹತ್ತುವಂತಿರಲಿಲ್ಲ.

ತಲೆಯೆತ್ತಿ ನೋಡಿದರೆ ಅಳಿಯನ ಮುಖ ಕೆಂಪೇರಿತ್ತು.

"ನಿಮಗೆ ಗೊತ್ತಾಗಿತ್ತಾ?"

"ಹಳೇ ಪೈಪಲ್ಲಿ ನಟ್ಟು ಇತ್ತು, ಇದರಲ್ಲಿ ಕಾಣ್ಲಿಲ್ಲ. ಅನುಮಾನ ಬಂತು ಮಾವ."

"ಬಾಯಿಬಿಟ್ಟು ಹೇಳಬಾರದಿತ್ತಾ?"

"ನೀವು ದೊಡ್ಡವರು. ಹೇಗೆ ಹೇಳೋದು ಅಂತ..."

ಕ್ರೇನಣ್ಣನಿಗೆ ಸಿಟ್ಟು ನೆತ್ತಿಗೇರಿತು, ಹಾಗೇ ಇಳಿದೂ ಹೋಯಿತು. ಈ ಮನುಷ್ಯನನ್ನು ಮಾತಾಡಲು ಬಿಟ್ಟವರಾದರೂ ಯಾರು? ಬಂದಾಗಲೆಲ್ಲ ಎತ್ತರದಲ್ಲಿ ಕೂರಿಸಿ, ಬಾಯಿಗೆ ಬೀಗ ಹಾಕಿದವನು ತಾನೇ ಅಲ್ಲವೇ?

ಅವನು ಸ್ಟೂಲಿನ ಎದುರು ನೆಲದ ಮೇಲೆ ಕೂತ. "ನೋಡಿ, ಕ್ರೇನಲ್ಲಿ ಮೇಲೆ ಕೂತವನಿಗೆ ಕೆಳಗಿಂದು ಪೂರ್ತಿ ಕಾಣಲ್ಲ. ಕೆಳಗಿರೋನು ಯಾರೇ ಆಗಲಿ, ಕೆಲಸಕ್ಕೆ ನಿನ್ನೆ ಸೇರಿದವನೇ ಆಗಲಿ, ಕೈ ಎತ್ತಿದ ಅಂದ್ರೆ ನಿಲ್ಲಿಸಲೇಬೇಕು. ನಾನು ನಿಲ್ಲಿಸ್ತಿದ್ದೆ. ಇಲ್ಲೂ ಅಷ್ಟೇ. ನೀವು ಕೈ ಎತ್ತಿ. ನಾನು ಬೇಜಾರು ಮಾಡ್ಕೊಳ್ಳಲ್ಲ."

ಅಳಿಯ ಶರ್ಟಿನ ತೋಳು ಮಡಚಿಕೊಂಡು ತಾನೂ ನೆಲಕ್ಕಿಳಿದ. ಹಾಳಾದ ಪೈಪನ್ನು ಪಕ್ಕಕ್ಕಿಟ್ಟು ಹೊಸದೊಂದನ್ನು ಕತ್ತರಿಸಿದರು. ಕನ್ನಡಕದ ಎಳ್ಳಿನಷ್ಟು ಸ್ಕ್ರೂ ಕೂರಿಸುವ ಬೆರಳುಗಳು ಇಲ್ಲೂ ಬೇಗ ಪಳಗಿದವು. ಊಟದ ಹೊತ್ತು ಕಳೆದು ಎಷ್ಟೋ ಹೊತ್ತಾದ ಮೇಲೆ ಪೈಪುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು.

ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ. ಅಳಿಯ ಸೀಟಿನಲ್ಲಿ ಕೂತು ಪೆಡಲು ಒತ್ತಿ ಹಿಡಿಯಬೇಕು. ಕ್ರೇನಣ್ಣ ಚಕ್ರದ ಬಳಿ ಮಲಗಿ ಸಣ್ಣ ತಿರುಪು ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಬಿಗಿಯಬೇಕು. ಬಿಗಿಯುವ ಮೊದಲೇ ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ ನುಗ್ಗುತ್ತದೆ.

"ಒತ್ತಿ ಅಳಿಯಂದ್ರೆ... ಹಿಡ್ಕೊಳ್ಳಿ... ಹಾಂ, ಬಿಡಿ."

ಎರಡು ಚಕ್ರ ಹೀಗೇ ಸಾಂಗವಾಗಿ ಮುಗಿಯಿತು. ಮೂರನೆಯದರಲ್ಲಿ ಆಯಿಲ್ ತೋಳಿನೊಳಗೆ ಸುರಿದು, ಸ್ಪ್ಯಾನರ್ ಜಾರಿತು. "ಹಿಡಿಯೋ! ಬಿಡಬೇಡ್ವೋ, ಹಿಡಿಯೋ!"

ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ. ಕೆಟ್ಟೆ ಅಂದುಕೊಳ್ಳುವಷ್ಟರಲ್ಲಿ ಮೇಲಿಂದ ಅಳಿಯ ಗೊಳ್ಳೆಂದು ನಕ್ಕ. "ಹಿಡ್ಕೊಂಡೇ ಇದ್ದೀನಿ ಮಾವ, ನೀವು ಬೇಗ ಬಿಗೀರಿ!"

ನಾಲ್ಕನೆಯ ಚಕ್ರವೂ ಮುಗಿದಾಗ ಪೆಡಲು ಕಲ್ಲಿನಂತೆ ಗಟ್ಟಿಯಾಯಿತು. ಕ್ರೇನಣ್ಣ ಸಂತೋಷ ತಡೆಯಲಾರದೆ ಕೀಲಿ ತಿರುಗಿಸಲು ಹೊರಟಾಗ, ಸೀಟಿನಿಂದಿಳಿದು ಬಾನೆಟ್ಟಿನೊಳಗೆ ಬಗ್ಗಿ ನೋಡುತ್ತಿದ್ದ ಅಳಿಯ ಕೈಯೆತ್ತಿ ಕೂಗಿದ: "ಮಾವ, ನಿಲ್ಸಿ!"

ಆ ಸದ್ದಿಗೆ ಮನೆಯೊಳಗಿದ್ದ ಕ್ರೇನಣ್ಣನ ಹೆಂಡತಿಯೂ ಓಡಿ ಬಂದಳು. ಒಂದು ಜೋಡಣೆಯ ಕೆಳಗೆ ಸಣ್ಣ ಹನಿ ಜಿನುಗುತ್ತಿತ್ತು. ಬಿಗಿದರೂ ನಿಲ್ಲಲಿಲ್ಲ. ಬಿಚ್ಚಿ, ತುದಿಯನ್ನು ಕತ್ತರಿಸಿ, ಹೊಸದಾಗಿ ಅಗಲಿಸಿ ಕೂರಿಸಿ, ಮತ್ತೆ ಗಾಳಿ ತೆಗೆದರು. ಈ ಸಲ ಅಡಿಯಲ್ಲಿ ಹಾಸಿದ ಕಾಗದ ಒಣಗಿಯೇ ಉಳಿಯಿತು.

ಹೆಂಡತಿ ಕಾಗದವನ್ನು ಎತ್ತಿ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಮೊದಲು ನೀವಿಬ್ಬರೇ ಒಂದಷ್ಟು ದಿನ ಓಡಾಡಿ. ಆಮೇಲೆ ನನ್ನ ವಿಷಯ," ಎಂದು ಊಟಕ್ಕೆ ಬಡಿಸಲು ಹೋದಳು. ಕ್ರೇನಣ್ಣನಿಗೆ ಅಷ್ಟೇ ಸಾಕಾಗಿತ್ತು.

ಬೀದಿಯ ಕೊನೆಯವರೆಗೆ ನಿಧಾನವಾಗಿ ಹೋಗಿ, ನಾಲ್ಕಾರು ಕಡೆ ಬ್ರೇಕ್ ಹಾಕಿ ನೋಡಿದರು. ಪ್ರತಿ ಸಲವೂ ಕಾರು ಮೂತಿ ತಗ್ಗಿಸಿ ನೆಟ್ಟಗೆ ನಿಂತಿತು.

"ನೀನು ಓಡಿಸ್ತೀಯಾ?" ಎಂದು ಕೇಳಿದ ಕ್ರೇನಣ್ಣ. ಈ ಸಲ ನಾಲಿಗೆ ಕಚ್ಚಿಕೊಳ್ಳಲಿಲ್ಲ.

"ಪೆಡಲು ಒತ್ತಿ ಒತ್ತಿ ಕಾಲು ಮೇಲೇಳ್ತಿಲ್ಲ ಮಾವ. ಮೊದಲು ಊಟ," ಎಂದ ಅಳಿಯ.