ಹುಲಿಯವರು ಆಚೆ ಹೋಗಿ

ಮಗನ ಮದುವೆಯ ದಿನ ನನ್ನನ್ನು ಹಿಂದಿನ ಅಡುಗೆಮನೆಗೆ ಅಟ್ಟಿದವಳು ನನ್ನ ಗಂಡನ ಅಕ್ಕ ಗುಯ್‌ಹ್ವಾ. ಅಟ್ಟಿದಳು ಅಂದರೆ ಕತ್ತು ಹಿಡಿದು ದಬ್ಬಲಿಲ್ಲ. "ಶಿಯುಲಾನ್, ನಿಂಗೇ ಗೊತ್ತಲ್ಲಮ್ಮ," ಅಂದಳು, ಅಷ್ಟೆ.

ಗೊತ್ತಿಲ್ಲದೆ ಏನು. ನಮ್ಮಲ್ಲಿ ಹನ್ನೆರಡು ವರ್ಷಕ್ಕೊಂದು ಸುತ್ತು, ಒಂದೊಂದು ವರ್ಷಕ್ಕೂ ಒಂದೊಂದು ಪ್ರಾಣಿ. ನಾನು ಹುಟ್ಟಿದ್ದು ಹುಲಿಯ ವರ್ಷದಲ್ಲಿ. ನಮ್ಮ ತೈನಾನ್ ಕಡೆ ಮನೆತುಂಬುವ ಮದುಮಗಳ ಮೇಲೆ ಹುಲಿ ವರ್ಷದವರ ಕಣ್ಣು ಬೀಳಬಾರದು. ಬಿದ್ದರೆ ಅವಳ ಸಂಸಾರ ಏಳಿಗೆಯಾಗುವುದಿಲ್ಲ, ಬಸಿರು ನಿಲ್ಲುವುದಿಲ್ಲ ಅನ್ನುತ್ತಾರೆ. ನನ್ನ ಚಿಕ್ಕಮ್ಮನ ಮದುವೆಯಲ್ಲಿ ನನ್ನನ್ನು ಪಕ್ಕದ ಮನೆಯಲ್ಲಿ ಕೂಡಿಹಾಕಿ ಕೈಗೆ ಕಡಲೆಕಾಯಿ ಮಿಠಾಯಿ ಕೊಟ್ಟಿದ್ದರು. ತಮ್ಮನ ಮದುವೆಯಲ್ಲಿ ನಾನೇ ಜಾಣಳಾಗಿ ಬಚ್ಚಲುಮನೆ ಸೇರಿಕೊಂಡೆ. ಮದುಮಗಳೇ ಹುಲಿಯಾದರೆ ಮಾತ್ರ ಪರವಾಗಿಲ್ಲವಂತೆ, ಹಾಗಾಗಿ ನನ್ನ ಮದುವೆಗೆ ನಾನು ಹೋಗಲು ಅಡ್ಡಿಯಾಗಲಿಲ್ಲ. ಆದರೆ ತಲೆಯ ಮೇಲೆ ಮುಸುಕು. ಕಂಡದ್ದು ನನ್ನ ಚಪ್ಪಲಿಯ ತುದಿ. ಒಟ್ಟಿನಲ್ಲಿ ಐವತ್ತು ದಾಟಿದರೂ ಒಬ್ಬ ಮದುಮಗಳು ಹೊಸ್ತಿಲು ದಾಟಿ ಒಳಗೆ ಬರುವುದನ್ನು ನಾನು ಕಣ್ಣಾರೆ ಕಂಡಿಲ್ಲ. ನನಗಿರುವುದು ಒಬ್ಬನೇ ಮಗ, ಜುನ್‌ಹಾವ್. ಇವನದನ್ನೂ ನೋಡದಿದ್ದರೆ ಇನ್ನು ಯಾರದನ್ನು ನೋಡಲಿ?

ಇದೆಲ್ಲ ಸುಳ್ಳು ಅನ್ನುವ ಧೈರ್ಯ ನನಗಿಲ್ಲ. ಸಿಟ್ಟಿದೆ. ಆದರೆ ನನ್ನ ಕಣ್ಣಿನಿಂದ ಆ ಮಕ್ಕಳಿಗೆ ಏನಾದರೂ ಆಗಿಬಿಟ್ಟರೆ ಎಂಬ ಹೆದರಿಕೆ ಸಿಟ್ಟಿಗಿಂತ ದೊಡ್ಡದು.

ತಮಾಷೆ ಏನೆಂದರೆ ನನ್ನ ಸೊಸೆ ಯುನ್‌ಜು ಕೂಡ ಹುಲಿಯೇ. ನನಗಿಂತ ಎರಡು ಸುತ್ತು ಚಿಕ್ಕವಳು. ಸಂಬಂಧ ಕುದುರಿದ ದಿನವೇ ಗುಯ್‌ಹ್ವಾ ಹೇಳಿದ್ದಳು, "ಒಂದೇ ಅಡುಗೆಮನೇಲಿ ಎರಡು ಹುಲಿ ಬಿಟ್ಕೊತಿದ್ದೀಯ. ಒಂದು ಪಾತ್ರೆ ನೆಟ್ಟಗೆ ಉಳಿದ್ರೆ ನನ್ನ ಕೇಳು." ದೇವಸ್ಥಾನದ ಜೋಯಿಸರನ್ನು ಕೇಳಿದೆ. ಅತ್ತೆ ಸೊಸೆ ಒಂದೇ ಪ್ರಾಣಿಯವರಾದರೆ ಒಂದೋ ಕಚ್ಚಾಡುತ್ತಾರೆ, ಇಲ್ಲವೇ ಒಬ್ಬರ ಸಂಕಟ ಇನ್ನೊಬ್ಬರಿಗೆ ಹೇಳದೆಯೇ ತಿಳಿಯುತ್ತದೆ ಅಂದರು. ಎರಡನ್ನೂ ಹೇಳಿಬಿಟ್ಟರೆ ಒಂದಾದರೂ ನಿಜವಾಗಲೇಬೇಕಲ್ಲ, ಪುಣ್ಯಾತ್ಮ.

ಮೊದಲು ನಿಜವಾದದ್ದು ಕಚ್ಚಾಟ. ಯುನ್‌ಜು ಅಪ್ಪನ ಸ್ಕೂಟರ್ ರಿಪೇರಿ ಅಂಗಡಿಯಲ್ಲೇ ಬೆಳೆದವಳು. ಒಂದು ದಿನ ನನ್ನ ಮೀನುಗಂಜಿಯ ಅಂಗಡಿಗೆ ಬಂದವಳು ಹೊರಗೆ ನಿಂತಿದ್ದ ನನ್ನ ಹಳೇ ಸ್ಕೂಟರಿನ ಬ್ರೇಕ್ ಒತ್ತಿ ನೋಡಿ, ಬೀಗದ ಕೈಯನ್ನು ತನ್ನ ಜೇಬಿಗೆ ಹಾಕಿಕೊಂಡಳು.

"ಕೊಡೇ ಇಲ್ಲಿ. ನೀನು ಹುಟ್ಟೋಕ್ಕೆ ಮುಂಚಿನಿಂದ ಓಡಿಸ್ತಿದ್ದೀನಿ ನಾನು," ಅಂದೆ.

"ಬ್ರೇಕೂ ಆವಾಗಿಂದೇ ಅನ್ಸುತ್ತೆ. ಕೊಡಲ್ಲ."

"ಇನ್ನೂ ಮನೆಗೇ ಬಂದಿಲ್ಲ, ಆಗ್ಲೇ ಯಜಮಾನಿಕೆನಾ?"

"ನೀವು ಬಿದ್ದು ಕಾಲು ಮುರ್ಕೊಂಡ್ರೆ ಮಾಡೋಳು ನಾನೇ ತಾನೆ?"

ಆಮೇಲೆ ಮದುವೆಯ ತನಕ ನಾವಿಬ್ಬರೂ ಮಾತಾಡಲಿಲ್ಲ. ಹೇಳಬೇಕಾದ್ದೆಲ್ಲ ಜುನ್‌ಹಾವ್‌ನ ಬಾಯಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡಿತು. ಪಾಪ, ಅವನು ಇಲಿಯ ವರ್ಷದವನು.

ಮದುವೆಯ ದಿನ ನಾನು ಅಡುಗೆಮನೆಯಲ್ಲಿ ಬಂದವರಿಗೆಲ್ಲ ಅಕ್ಕಿ ಉಂಡೆಯ ಪಾಯಸ ಕುದಿಸುತ್ತಿದ್ದೆ. ಬೀದಿಯಲ್ಲಿ ಪಟಾಕಿ ಸಿಡಿಯಿತು. ಕಾರು ಬಂತು ಅಂದುಕೊಂಡೆ. ಗಂಡ ನಡುಮನೆಯಲ್ಲಿ ಕೋಟು ಹಾಕಿಕೊಂಡು ಕೂತಿದ್ದಾರೆ, ನಾನಿಲ್ಲಿ ಸೌಟು ಹಿಡಿದುಕೊಂಡು. ಹೊಟ್ಟೆ ಉರಿಯಿತು. ಕಣ್ಣಲ್ಲಿ ನೀರು ಬಂತು, ಪಾಯಸದ ಹಬೆ ಎಂದು ಒರೆಸಿಕೊಂಡೆ.

ಮದುಮಗಳು ಕಾರಿನಿಂದ ಇಳಿಯುವಾಗ ಕೆಟ್ಟದ್ದು ತಾಗದಂತೆ ತಲೆಯ ಮೇಲೆ ಬಿದಿರಿನ ಜರಡಿ ಹಿಡಿದು ಕರೆತರುವ ಕೆಲಸ ಗುಯ್‌ಹ್ವಾಳದು. ಅವಳ ಗಂಟಲು ನಮ್ಮ ಓಣಿಗೆಲ್ಲ ಗೊತ್ತು. "ಹುಲಿಯವರು ಆಚೆ ಹೋಗಿ," ಎಂದು ಕೂಗಿದಳು. ಇದ್ದಕ್ಕಿದ್ದಂತೆ ಗಲಾಟೆ ಎದ್ದಿತು. "ಏ, ಹಿಡೀರಿ, ಎಲ್ಲಿಗೆ ಹೋಗ್ತಿದ್ದಾಳೆ?" ಎಂದು ಯಾರೋ ಅರಚಿದರು. ನೋಡನೋಡುತ್ತ ಅಡುಗೆಮನೆಯ ಹಿಂಬಾಗಿಲು ದಡಾರನೆ ತೆರೆಯಿತು.

ಬಾಗಿಲಲ್ಲಿ ಯುನ್‌ಜು. ಉದ್ದ ಲಂಗವನ್ನು ಎರಡು ಕೈಯಲ್ಲೂ ಮೊಣಕಾಲ ತನಕ ಎತ್ತಿ ಹಿಡಿದಿದ್ದಾಳೆ, ಮುಸುಕು ಒಂದು ಕಿವಿಗೆ ಜೋತುಬಿದ್ದಿದೆ.

ನಾನು ಸೌಟು ಬಿಟ್ಟು ಎರಡು ಕೈಯಿಂದಲೂ ಕಣ್ಣು ಮುಚ್ಚಿಕೊಂಡು ಗೋಡೆಗೆ ತಿರುಗಿದೆ. "ಹೋಗೇ, ಹೋಗು. ನಾನು ನೋಡಿಲ್ಲ, ಏನೂ ನೋಡಿಲ್ಲ. ಇಲ್ಲಿಗ್ಯಾಕೆ ಬಂದೆ?"

"ಅಭ್ಯಾಸ ಅತ್ತೆ," ಅಂದಳು. ಏದುಸಿರು ಬಿಡುತ್ತಿದ್ದಳು. "ಹುಲಿಯವರು ಹೋಗಿ ಅಂದ್ರಲ್ಲ, ಕಾಲು ಹೊರಟೇಬಿಡ್ತು. ಚಿಕ್ಕೋಳಿದ್ದಾಗಿಂದ ಆ ಮಾತು ಕೇಳಿದ ತಕ್ಷಣ ಹಿಂದಿನ ಓಣಿಗೆ ಓಡೋದೇ ಆಗಿದೆ. ಇವತ್ತು ನಂದೇ ಮದ್ವೆ ಅನ್ನೋದು ಮರ್ತೇಹೋಯ್ತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವಳ ದನಿಯೇ ಒಡೆಯಿತು. "ನಮ್ಮಕ್ಕನ ಮದ್ವೆ ನೋಡಿಲ್ಲ ಅತ್ತೆ ನಾನು. ಪಕ್ಕದ ಅಂಗಡಿಯೋರ ಗೋಡೌನಲ್ಲಿ ಕೂತಿದ್ದೆ. ಅಕ್ಕ ಎಷ್ಟು ಚೆನ್ನಾಗಿ ಕಾಣ್ತಿದ್ಲು ಅಂತ ಎಲ್ರೂ ಇವತ್ತಿಗೂ ಹೇಳ್ತಾರೆ."

ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದುದನ್ನು ಈ ಹುಡುಗಿ ನನ್ನ ಬೆನ್ನಿಗೆ ಹೇಳುತ್ತಿದ್ದಳು.

ಗುಯ್‌ಹ್ವಾ ಓಡಿಬಂದದ್ದು ಕೇಳಿಸಿತು, ಹಿಂದೆಯೇ ಜುನ್‌ಹಾವ್‌ನ ಬೂಟಿನ ಸದ್ದು. "ಅಯ್ಯೋ, ಕೆಟ್ಟಿತಲ್ಲೇ ಕೆಲ್ಸ. ಶಿಯುಲಾನ್, ನೋಡಿಬಿಟ್ಯಾ?"

"ಇಲ್ಲ ಅಕ್ಕ. ಗೋಡೆ ನೋಡ್ತಿದ್ದೀನಿ."

"ಹಾಗೇ ಇರು. ತಿರುಗಬೇಡ. ಬಾಮ್ಮ ಯುನ್‌ಜು."

ಯುನ್‌ಜು ಕದಲಲಿಲ್ಲ. "ಅತ್ತೆ ಬರ್ದೆ ನಾನು ಬರಲ್ಲ."

"ಹುಚ್ಚಾ ನಿಂಗೆ? ನಾಳೆ ಹೆಚ್ಚುಕಮ್ಮಿ ಆದ್ರೆ?"

"ಆಗ್ಲಿ ದೊಡ್ಡತ್ತೆ. ಆವಾಗ ನಾನೂ ಅತ್ತೆನೂ ಜಗಳ ಆಡ್ಕೊತೀವಿ. ನಿಮ್ಮನ್ನ ಕರೆಯಲ್ಲ."

ಜುನ್‌ಹಾವ್‌ನ ಬೂಟು ಎರಡು ಹೆಜ್ಜೆ ಹಿಂದಕ್ಕೆ ಸರಿದ ಸದ್ದಾಯಿತು. ಜಾಣ.

ಅವಳ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಸ್ಪ್ಯಾನರ್ ಹಿಡಿದು ಗಟ್ಟಿಯಾದ ಕೈ, ಬೆವರಿನಿಂದ ಒದ್ದೆಯಾಗಿ ತಣ್ಣಗಿತ್ತು. ಇವಳಿಗೂ ನನ್ನಷ್ಟೇ ಹೆದರಿಕೆ ಇದೆ ಎಂದು ಆಗ ಗೊತ್ತಾಯಿತು. ಹೆದರಿಕೊಂಡೇ ನಿಂತಿದ್ದಾಳೆ, ನನಗೋಸ್ಕರ. ಅವಳಿಗಿರುವ ಗಟ್ಟಿತನ ನನಗಿಲ್ಲವೇ?

"ಬಿಡೇ ಕೈ," ಅಂದೆ. "ಈ ಪಾಯಸದ ಕೈಯಲ್ಲಿ ಬಂದ್ರೆ ನಿನ್ನ ಲಂಗ ಹಾಳಾಗುತ್ತೆ." ಕೈ ತೊಳೆದು ಅಂಗಿಗೇ ಒರೆಸಿಕೊಂಡೆ. ಯಾರ ಮುಖವನ್ನೂ ನೋಡದೆ ಅಡುಗೆಮನೆಯಿಂದ ಒಳಬಾಗಿಲು ಹಾದು, ನಡುಮನೆ ದಾಟಿ, ನೆಂಟರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗಲೇ ಮುಂಬಾಗಿಲ ಒಳಗೆ ಎದುರಿಗೆ ಹೋಗಿ ನಿಂತೆ. ಗಂಡ ಎದ್ದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ಅವಳನ್ನು ಓಣಿ ಸುತ್ತಿಸಿ ಮತ್ತೆ ಮುಂದುಗಡೆಗೆ ಕರೆತಂದರು. ಅಗ್ಗಿಷ್ಟಿಕೆಯ ಕೆಂಡ ದಾಟಿಸಿದರು. ಗುಯ್‌ಹ್ವಾ ಗೊಣಗುತ್ತಲೇ ಜರಡಿ ಎತ್ತಿ ಹಿಡಿದು, "ಹೊಸ್ತಿಲು ತುಳೀಬೇಡ, ಕಾಲು ನೋಡ್ಕೊ," ಎಂದು ಹೇಳುತ್ತಲೇ ಇದ್ದಳು. ಎಲ್ಲರೂ ಬಗ್ಗಿ ಕಾಲನ್ನೇ ನೋಡುತ್ತಿದ್ದರು.

ಅವಳು ಹೊಸ್ತಿಲು ತುಳಿದಳೋ ದಾಟಿದಳೋ ನನಗೆ ಗೊತ್ತಿಲ್ಲ. ನಾನು ಮುಖ ನೋಡುತ್ತಿದ್ದೆ.