ಹಿಟ್ಟಿನ ಕೈ

ಗ್ಯಾರೇಜಿನ ಕೆಲಸ ಮುಗಿದ ಮೇಲೆ ಚಿಕ್ಕೋನು ಸೀಮೆಎಣ್ಣೆಯಲ್ಲಿ ಕೈ ಉಜ್ಜಿ, ಸೋಪಿನ ಪುಡಿ ಹಾಕಿ ತಿಕ್ಕಿ, ಅಂಗಿ ಬದಲಿಸಿ ಬೇಕರಿಗೆ ಹೋಗುತ್ತಿದ್ದ. ಬ್ರೆಡ್ಡು ಕೊಳ್ಳಲಿಕ್ಕಲ್ಲ, ಹಿಂದಿನ ಬಾಗಿಲಲ್ಲಿ ನುಗ್ಗಿ ಮೊಣಕೈವರೆಗೂ ಮೈದಾ ಹಿಟ್ಟು ಬಳಿದುಕೊಳ್ಳಲಿಕ್ಕೆ. ಮಾಲೀಕ ಒಳ್ಳೆಯವನು, ಅದಕ್ಕೆಂದೇ ಒಂದು ಡಬ್ಬ ಬೇರೆ ಇಟ್ಟು, ನೋಡಿಯೂ ನೋಡದವನಂತೆ ಅತ್ತ ತಿರುಗುತ್ತಿದ್ದ.

ಆ ಬೇಕರಿಯಲ್ಲಿ ದುಡಿಯುತ್ತಿದ್ದವನು ದೊಡ್ಡೋನು, ಇವನ ಅಣ್ಣ. ಅಮ್ಮ ಹೃದಯದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನು ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟ. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ಮೊದಲೇ ತಿಂದುಹಾಕಿತ್ತು. "ಈಗ್ಲೇ ಹೇಳ್ಬೇಡಿ, ತಡ್ಕೊಳ್ಳಲ್ಲ" ಎಂದರು ಡಾಕ್ಟರು. ಅಣ್ಣತಮ್ಮಂದಿರ ಧ್ವನಿ ಒಂದೇ ಅಚ್ಚು. "ಸ್ವಲ್ಪ ದಿನ ಅವರ ಥರ ಬಂದು ಮಾತಾಡಿ ಹೋಗಪ್ಪ" ಎಂದು ಅತ್ತಿಗೆ ಕಣ್ಣೀರಿಟ್ಟಳು. ಬೇಕರಿಗೆ ದೊಡ್ಡ ಆರ್ಡರ್ ಬಂದಿದೆ, ಮಲಗುವುದೂ ಅಲ್ಲೇ ಎಂದು ಇನ್ನೊಂದು ಸುಳ್ಳು ಹೊಸೆದರು. ಸ್ವಲ್ಪ ದಿನ ತಿಂಗಳುಗಟ್ಟಲೆ ಎಳೆಯಿತು. ಇವತ್ತು ಹೇಳೋಣವೆಂದರೆ ಅಮ್ಮನಿಗೆ ಬಿ.ಪಿ. ಜಾಸ್ತಿ, ನಾಳೆ ಎಂದರೆ ನಾಳೆ ಅವಳು ಅಪರೂಪಕ್ಕೆ ನಗುತ್ತಿರುತ್ತಾಳೆ. ಸಾವಿನ ಸುದ್ದಿಗೆ ಒಳ್ಳೆಯ ದಿನ ಅಂತ ಯಾವುದಿರುತ್ತದೆ ಹೇಳಿ.

ಹೀಗೆ ದಿನಾ ಸಂಜೆ ಚಿಕ್ಕೋನು ಅಮ್ಮನ ಮಂಚದ ತುದಿಯಲ್ಲಿ ಕೂತು, ಅಣ್ಣ ಇದ್ದಿದ್ದರೆ ಏನು ಹೇಳುತ್ತಿದ್ದನೋ ಅದನ್ನೇ ಹೇಳುತ್ತಿದ್ದ. ಅಮ್ಮ ಅವನ ಕೈ ಮೂಸಿ, "ಹಿಟ್ಟಲ್ಲೇ ಹೊರಳಾಡ್ತೀಯೇನೋ" ಎಂದು ನಗುತ್ತಿದ್ದಳು. ಇಷ್ಟು ಅಕ್ಕರೆ ಅವನ ಪಾಲಿಗೆ ಎಂದೂ ಬಂದದ್ದಿಲ್ಲ. ಯಾವುದೋ ಮಾತಿಗೆ ಮಾತು ಬೆಳೆದು, "ಇನ್ನು ಈ ಹೊಸಿಲು ತುಳೀಬೇಡ" ಎಂದು ಅವಳು ಚಿಕ್ಕೋನನ್ನು ಅಟ್ಟಿ ವರ್ಷಗಳಾಗಿದ್ದವು. ಇವನೂ ಮಹಾ ಮೊಂಡ, ತುಳಿದಿರಲಿಲ್ಲ. ಈಗಲೂ ಬರುತ್ತಿದ್ದವನು ಅವನಲ್ಲ, ಅಣ್ಣ. ಅವಳು ಚಿಕ್ಕೋನ ಸುದ್ದಿಯನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಲಿ ಎಂದು ಅವನು ದಿನಾ ಕಾಯುತ್ತಿದ್ದ.

ಅಣ್ಣನಿಗಾಗಿ ಅಳುವುದಕ್ಕೂ ಅವನಿಗೆ ಜಾಗವಿರಲಿಲ್ಲ. ಅತ್ತಿಗೆಯ ಮುಂದೆ ಅತ್ತರೆ ಅವಳು ಕುಸಿಯುತ್ತಾಳೆ, ಅಮ್ಮನ ಮುಂದೆ ಅಳುವ ಹಾಗೇ ಇಲ್ಲ.

ಒಂದು ಸಂಜೆ ಲಾರಿಯ ಗೇರ್‌ಬಾಕ್ಸ್ ಕೈಕೊಟ್ಟು ಕೆಲಸ ತಡವಾಯಿತು. ಬೇಕರಿಗೆ ಬಂದರೆ ಬೀಗ. ಹೊತ್ತು ಮೀರಿದರೆ ಅಮ್ಮ ಗಾಬರಿಯಾಗುತ್ತಾಳೆ. ದೂರ ಕೂತರಾಯಿತು ಎಂದುಕೊಂಡು ಗ್ರೀಸಿನ ಅಂಗಿಯಲ್ಲೇ ಓಡಿದ.

ಅವನಿನ್ನೂ ಬಾಯಿ ತೆರೆದಿರಲಿಲ್ಲ. ಅಮ್ಮ ದಡಬಡಿಸಿ ಎದ್ದು ಕೂತಳು.

"ಚಿಕ್ಕೋನೇ? ಬಂದ್ಯೇನೋ? ನನ್ ಕಂದ, ಬಂದ್ಯಾ?"

"ಇಲ್ಲಮ್ಮ, ನಾನು ದೊಡ್ಡೋನು."

ರೂಢಿಬಿದ್ದ ನಾಲಿಗೆ ಅವನನ್ನು ಕೇಳದೆ ಆಡಿಬಿಟ್ಟಿತ್ತು. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

"ಮತ್ತೆ ಈ ವಾಸನೆ?"

"ದಾರೀಲಿ ಸಿಕ್ಕಿದ್ದ. ತಬ್ಕೊಂಡ."

"ಸಣ್ಣಗಾಗಿದಾನಾ?"

"ಸ್ವಲ್ಪ."

"ನಾನು ಬೈದಿದ್ದು ಇನ್ನೂ ಮನಸಲ್ಲಿ ಇಟ್ಕೊಂಡಿದಾನಾ?"

"ಇಲ್ಲಮ್ಮ. ಯಾವತ್ತೋ ಮರ್ತಿದಾನೆ."

ಅಮ್ಮ ಅವನ ತೋಳು ಎಳೆದುಕೊಂಡು, ಆ ಜಿಡ್ಡಿನ ಅಂಗಿಗೆ ಮುಖ ಒತ್ತಿ ಬಿಕ್ಕಿದಳು. ಅವನಿಗಾಗಿ ಅವಳು ಅಳುತ್ತಿದ್ದಳು, ಅವನು ಅಣ್ಣನಾಗಿ ಸಮಾಧಾನ ಮಾಡಬೇಕಿತ್ತು. ಅವಳ ತಲೆ ನೇವರಿಸುತ್ತ ಕೂತ.

"ಕರೆಯೋಣ ಅಂದ್ರೆ ನನ್ನ ಹಾಳು ಜಂಬ ಬಿಡ್ಲಿಲ್ಲ ಕಣೋ" ಎಂದಳು ಅಮ್ಮ. "ನಾಳೆ ನೀನೇ ಕೈ ಹಿಡ್ಕೊಂಡು ಕರ್ಕೊಂಡ್ ಬಾ. ಒಬ್ನೇ ಬರಕ್ಕೆ ಅವನಿಗೆ ನಾಚಿಕೆ. ನೀನು ಜೊತೇಲಿದ್ರೆ ಬರ್ತಾನೆ. ಚಿಕ್ಕಂದಿನಿಂದ್ಲೂ ನಿನ್ನ ಬಿಟ್ಟು ಎಲ್ಲಿಗೆ ಹೋಗಿದಾನೆ ಹೇಳು?"

ಅವನು ಅವಳ ಸೆರಗಿನ ತುದಿಯಿಂದಲೇ ಅವಳ ಕಣ್ಣು ಒರೆಸಿದ.

"ಆಗ್ಲಮ್ಮ" ಎಂದ. "ಇಬ್ರೂ ಬರ್ತೀವಿ."