ಮಾಳಿಗೆ ಮೇಲಿನ ಭರಣಿಗಳು

ಬಿಎಸ್ಸಿಯಲ್ಲಿ ಪರಿಸರ ವಿಜ್ಞಾನ ತೆಗೆದುಕೊಂಡೆ ಎಂದು ಹೇಳಿದ ದಿನ ಭೀಮಶ್ಯಾ ಮಾವ ಬಿದ್ದು ಬಿದ್ದು ನಕ್ಕಿದ್ದ. "ಗಿಡ ಹಚ್ಚಾಕ ಕಾಲೇಜ್ ಯಾಕ ಬೇಕವ್ವಾ ಲುಂಬಿನಿ? ನಮ್ಮ ಹೊಲಕ್ಕ ಬಾ, ಪುಕ್ಕಟ ಕಲಿಸ್ತೀನಿ."

ನಗಲಿ ಬಿಡಿ. ವಾಡಿಯಿಂದ ಚಿತ್ತಾಪುರದ ಕಡೆ ಹೋಗುವ ರಸ್ತೆಯಲ್ಲಿ ನಮ್ಮೂರು. ಮನೆ ಬಾಗಿಲು ತೆರೆದರೆ ಮೊದಲು ಕಾಣುವುದು ಸಿಮೆಂಟ್ ಫ್ಯಾಕ್ಟರಿಯ ಚಿಮಣಿ, ಆಮೇಲೆ ಸೂರ್ಯ. ಬೇವಿನ ಎಲೆ ಹಸಿರು ಎಂದು ನಮಗೆ ನೆನಪಾಗುವುದು ಮಳೆ ಬಂದ ಮರುದಿನ ಮಾತ್ರ. ಶಾವಿಗೆ ಒಣಹಾಕಲಿಕ್ಕೂ ನಮ್ಮವ್ವ ದ್ರೌಪದಿ ಐನಾಪುರದ ತವರಿಗೆ ಹೋಗುತ್ತಾಳೆ. ಇಂಥ ಊರಿನ ಹುಡುಗಿ ಇದನ್ನು ಓದದೆ ಇನ್ನೇನು ಓದಬೇಕು?

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮೂರಿನ ಧೂಳನ್ನೇ ಆರಿಸಿಕೊಂಡೆ. ಕೆಲಸ ಸರಳ. ಮಾಳಿಗೆಯ ಮೇಲೆ ಬಾಯಿ ತೆರೆದ ಭರಣಿ ಇಡಬೇಕು. ಒಂದು ತಿಂಗಳು ಆಕಾಶದಿಂದ ಏನು ಬೀಳುತ್ತದೋ ಬೀಳಲಿ. ಆಮೇಲೆ ಅದನ್ನು ಕಾಲೇಜಿನ ಲ್ಯಾಬಿಗೆ ಒಯ್ದು ತೂಗಬೇಕು. ನಮ್ಮ ಮನೆ, ತಾಜುನ್ನಿಸಾ ಖಾಲಾನ ಮನೆ, ಭಾಗ್ಯಕ್ಕನ ಮನೆ, ಹೀಗೆ ನಮ್ಮ ಓಣಿಯ ಮಾಳಿಗೆಗಳ ಮೇಲೆ ಇಟ್ಟೆ. ಹೋಲಿಕೆಗೆ ಇರಲಿ ಎಂದು ದೂರದ ಕುಂಚಾವರಂ ಕಾಡಿನ ಅಂಚಿನಲ್ಲಿ ಗೆಳತಿಯ ಮನೆಯ ಮೇಲೊಂದು ಇಟ್ಟು ಬಂದೆ. ಕಲಬುರಗಿಯ ಹಾಸ್ಟೆಲಿಗೆ ಹೊರಡುವಾಗ ಓಣಿಯ ಹೆಂಗಸರಿಗೆಲ್ಲ ಕೈಮುಗಿದು, "ನಿಮ್ಮ ಮನಿ ಸಾಮಾನು ಅಂತ ತಿಳ್ಕೊಂಡು ಚಂದಂಗ ನೋಡ್ಕೊಳ್ರಿ" ಎಂದು ಹೇಳಿದೆ.

ತಿಂಗಳು ತುಂಬಿದ ಮೇಲೆ, ಓಣಿಯವರು ಮಾಳಿಗೆಯಿಂದ ಇಳಿಸಿಟ್ಟಿದ್ದ ಭರಣಿಗಳನ್ನು ಒಯ್ದು ತೂಗಿದೆ. ನಮ್ಮೂರಿನ ಗಾಳಿ ಕುಂಚಾವರಂ ಕಾಡಿನಷ್ಟೇ ಸ್ವಚ್ಛ!

ನಾನು ಬೆಪ್ಪಾಗಿ ನಿಂತೆ. ನನ್ನ ಗೈಡ್ ಸಿದ್ದಲಿಂಗೇಶ ಸರ್ ಮಾತ್ರ ಕುಣಿಯುವುದೊಂದು ಬಾಕಿ. ಆ ಲ್ಯಾಬಿನ ತಕ್ಕಡಿಯನ್ನು ದಾನ ಕೊಟ್ಟದ್ದೇ ಫ್ಯಾಕ್ಟರಿ. ಈಗ ಅದು ನಮ್ಮೂರ ಪಕ್ಕದಲ್ಲೇ ಇನ್ನೊಂದು ಸುಣ್ಣಗಲ್ಲಿನ ಗಣಿ ತೆಗೆಯಲು ಹೊರಟಿತ್ತು. ಅದಕ್ಕೆ ಊರವರ ಅಹವಾಲು ಕೇಳುವ ಸಭೆ ನಿಗದಿಯಾಗಿತ್ತು. ನನ್ನ ವರದಿ ಸರ್ ಕೈಯಿಂದ ನೇರ ಫ್ಯಾಕ್ಟರಿಯ ಅಧಿಕಾರಿ ಅಜಯಕುಮಾರರ ಕೈಗೆ ಹೋಯಿತು. ಸಭೆಯಲ್ಲಿ ನಾನೇ ಅದನ್ನು ಓದಬೇಕಂತೆ, ಓದಿದ ಮೇಲೆ ಶಾಲು ಹೊದಿಸುತ್ತಾರಂತೆ.

ಎಲ್ಲಿ ತಪ್ಪಿತು ಎಂದು ತಲೆ ಕೆಡಿಸಿಕೊಂಡೇ ಊರಿಗೆ ಬಂದೆ. ಇನ್ನೊಮ್ಮೆ ನೋಡೋಣ ಎಂದು ಭರಣಿಗಳನ್ನು ಮತ್ತೆ ಅವೇ ಜಾಗದಲ್ಲಿ ಇಟ್ಟೆ. ಅದೇ ಸಂಜೆ ಅವ್ವ ಹಳೆಯ ಸೀರೆಯ ತುಂಡು ಹಿಡಿದುಕೊಂಡು ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದಳು. ಹಿಂದೆಯೇ ಹೋದೆ. ಅವ್ವ ನನ್ನ ಭರಣಿಯ ಬಾಯಿಗೆ ಆ ಬಟ್ಟೆ ಹೊದಿಸಿ, ಸುತ್ತ ದಾರ ಬಿಗಿಯುತ್ತಿದ್ದಾಳೆ!

"ಯವ್ವಾ, ಏನ್ ಮಾಡಾಕತ್ತಿ?"

"ಕಣ್ಣ್ ಕಾಣಂಗಿಲ್ಲೇನು? ಮುಚ್ಚಾಕತ್ತೀನಿ. ಧೂಳ ಬೀಳ್ತದಲ್ಲ."

"ಧೂಳ ಬೀಳ್ಲಿ ಅಂತನ ಇಟ್ಟೀನಿ!"

"ಹುಚ್ಚಿ! ಕಾಲೇಜಿಂದ ತಂದ ಭರಣಿ ಹೊಲಸ್ ಮಾಡಿ ಕೊಟ್ರ ನಿಮ್ ಸರ್ ಮಾರ್ಕ್ಸ್ ಹಾಕ್ತಾರೇನು? ಹ್ವಾದ್ ತಿಂಗಳ ಒಂದಿನಾನೂ ತಪ್ಪಿಸಿಲ್ಲ ನಾ."

ಓಣಿಯುದ್ದಕ್ಕೂ ಓಡಿದೆ. ಭಾಗ್ಯಕ್ಕ ತಟ್ಟೆ ಮುಚ್ಚಿ ಮೇಲೆ ಕಲ್ಲು ಹೇರಿದ್ದಳು. ತಾಜುನ್ನಿಸಾ ಖಾಲಾ ಅವರೆಲ್ಲರನ್ನೂ ಮೀರಿಸಿದ್ದಳು. "ಹ್ವಾದ್ ತಿಂಗಳ ಭಾಳ ಖರಾಬ್ ಆಗಿತ್ತು ಬೇಟಿ. ದಿನಾ ಚೊಕ್ಕ ತೊಳ್ದು ಇಟ್ಟೀನಿ ನೋಡು" ಎಂದು ಮುಖ ಅರಳಿಸಿದಳು. ನಾನು ಯಾರನ್ನು ಬೈಯಲಿ? ಕೊಡ, ಚರಿಗೆ, ರೊಟ್ಟಿ ಬುಟ್ಟಿ, ಕೂಸಿನ ತೊಟ್ಟಿಲು, ಯಾವುದನ್ನೂ ಈ ಊರಿನ ಹೆಂಗಸರು ತೆರೆದಿಡುವುದಿಲ್ಲ. ಹಾಗೆ ಮುಚ್ಚುವುದನ್ನು ಅವರ ಅತ್ತೆಯರು ಕಲಿಸಿದ್ದರು. ಮನೆ ಸಾಮಾನಿನ ಹಾಗೆ ನೋಡಿಕೊಳ್ಳಿ ಎಂದವಳು ನಾನೇ, ಹಾಗೆಯೇ ನೋಡಿಕೊಂಡಿದ್ದರು. ಮೊದಲು ನಗು ಬಂತು. ಆಮೇಲೆ ವರದಿ ನೆನಪಾಯಿತು. ಅವರ ಜೀವಮಾನದ ಮುಚ್ಚುವ ಕೆಲಸವೆಲ್ಲ ಸೇರಿ ಫ್ಯಾಕ್ಟರಿಗೆ ಸ್ವಚ್ಛತೆಯ ಸರ್ಟಿಫಿಕೇಟ್ ಆಗಿಹೋಗಿತ್ತು, ಅದರ ಮೇಲೆ ನನ್ನ ಸಹಿ ಬೇರೆ.

ಸಿದ್ದಲಿಂಗೇಶ ಸರ್ ಎದುರಿಗೆ ಇದನ್ನೆಲ್ಲ ಹೇಳಿದೆ. ಅವರು ಎದ್ದು ಬಾಗಿಲು ಹಾಕಿಕೊಂಡು ಬಂದು ಕೂತರು.

"ವರದಿ ಕೊಟ್ಟಾಗ್ಯದ ಲುಂಬಿನಿ. ಸುಮ್ಮ ಓದಿ ಬಂದ್ಬಿಡು. ತಪ್ಪಾಗ್ಯದ ಅಂದ್ರ ಪ್ರಾಜೆಕ್ಟ್ ಫೇಲು. ಒಂದು ವರ್ಷ ಹಾಳು ಮಾಡ್ಕೊಂತಿ."

"ಸುಳ್ಳ್ ಹ್ಯಾಂಗ ಓದ್ಲಿ ಸರ್?"

"ಆ ತಕ್ಕಡಿ ಯಾರು ಕೊಟ್ಟಿದ್ದು? ಉಂಡ ಮನಿ ಜಂತಿ ಎಣಿಸಬಾರ್ದು."

"ಎಣಿಸಾಕ ಜಂತಿ ಕಾಣಬೇಕಲ್ರಿ ಸರ್. ಎಲ್ಲಾ ಧೂಳ ಮುಚ್ಚ್ಯದ."

ಹೊರಗೆ ಬಂದು ಊರಿನ ಬಸ್ಸು ಹತ್ತಿದೆ. ಒಂದು ವರ್ಷ ಎಂದರೆ ಸಣ್ಣ ಮಾತಲ್ಲ. ಮಗಳು ಪದವಿ ಮುಗಿಸುತ್ತಾಳೆ ಎಂದು ಅವ್ವ ಇಡೀ ಐನಾಪುರಕ್ಕೆ ಡಂಗುರ ಸಾರಿದ್ದಳು. ಹೆದರುತ್ತಲೇ ಅವಳಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾ ಮುಚ್ಚಿದ್ದಕ್ಕ ಇಷ್ಟೆಲ್ಲಾ ಆತಲ್ಲ. ತಗಿಯೂದು ಹ್ಯಾಂಗ, ಅದನ್ನ ಹೇಳು" ಎಂದಳು.

"ಆ ಬಟ್ಟಿ ಭರಣಿ ಮ್ಯಾಲ ಹಂಗ ಇರ್ಲಿ, ಸಭಾ ಆಗೂತನ ಝಾಡಿಸಬ್ಯಾಡ" ಎಂದೆ.

ಸಭೆ ನಡೆದದ್ದು ಹೈಸ್ಕೂಲಿನ ಬಯಲಿನ ಪೆಂಡಾಲಿನಲ್ಲಿ. ವೇದಿಕೆಯ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜು, ಸಾಲಾಗಿ ಸಾಹೇಬರುಗಳು, ಎಲ್ಲರ ಮುಂದೆಯೂ ನೀರಿನ ಗಾಜಿನ ಗ್ಲಾಸು. ಪಕ್ಕದಲ್ಲಿ ನಡಾವಳಿ ಬರೆಯುವ ಗುಮಾಸ್ತ. ಅಜಯಕುಮಾರರು ಮೈಕಿನಲ್ಲಿ, "ಇದೇ ಮಣ್ಣಿನ ಮಗಳು, ಪರಿಸರ ವಿಜ್ಞಾನದ ವಿದ್ಯಾರ್ಥಿನಿ, ಆಕಿನೇ ಹೇಳ್ತಾಳ ಕೇಳ್ರಿ" ಎಂದು ನನ್ನನ್ನು ಕರೆದರು. ಸಿದ್ದಲಿಂಗೇಶ ಸರ್ ಮುಂದಿನ ಕುರ್ಚಿಯಲ್ಲಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು.

"ನನ್ನ ವರದಿ ತಪ್ಪದ," ಎಂದೆ. "ಭರಣಿ ಮುಚ್ಚಿದ್ವು. ಮುಚ್ಚಿದ ಭರಣಿ ತೂಗಿ ಊರು ಸ್ವಚ್ಛ ಅಂತ ಬರ್ದೀನಿ. ಅದನ್ನ ತಗದು ಹಾಕ್ರಿ. ನಾ ಫೇಲಾದ್ರ ಆಗ್ಲಿ. ಮುಂದಿನ ವರ್ಷ ಇದೇ ಮಾಳಿಗಿ ಮ್ಯಾಲ ಮತ್ತ ಭರಣಿ ಇಡ್ತೀನಿ, ಬಾಯಿ ತೆರದು."

ಅಜಯಕುಮಾರರ ನಗು ಅರ್ಧಕ್ಕೇ ನಿಂತಿತು. "ಏನವ್ವಾ ಇದು? ಧೂಳ ಅದ ಅನ್ನಾಕ ಪುರಾವೆ ಏನದ?"

ಜನರ ನಡುವಿನಿಂದ ಅವ್ವ ಎದ್ದು ಬಂದಳು. ಹಿಂದೆ ತಾಜುನ್ನಿಸಾ ಖಾಲಾ, ಅವಳ ಹಿಂದೆ ಭಾಗ್ಯಕ್ಕ. ಅವ್ವ ಮಡಚಿ ತಂದಿದ್ದ ಸೀರೆ ತುಂಡನ್ನು ನನ್ನ ಕೈಗಿಟ್ಟಳು. ಅದು ಬಟ್ಟೆಯಂತಿರದೆ ಹಪ್ಪಳದಂತೆ ಬಿರುಸಾಗಿತ್ತು.

"ಇದು ಪುರಾವೆ ಅಲ್ರಿ, ತೂಗಿಲ್ಲ," ಎಂದೆ. "ಆದ್ರೂ ನೋಡ್ರಿ."

ವೇದಿಕೆಯ ಮುಂದೆ ನಿಂತು ಆ ಬಟ್ಟೆಯನ್ನು ಬಿಡಿಸಿ ಎರಡೂ ಕೈಯಿಂದ ಜೋರಾಗಿ ಝಾಡಿಸಿದೆ.

ಬೂದು ಬಣ್ಣದ ಧೂಳು ಎದ್ದು, ಬಿಸಿಲಲ್ಲಿ ಒಂದು ಗಳಿಗೆ ತೇಲಿ, ಮೇಜಿನತ್ತ ಇಳಿಯಿತು. ಮುಚ್ಚಿರಿ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಸಾಹೇಬರುಗಳ ಕೈಗಳೆಲ್ಲ ಒಟ್ಟಿಗೇ ನೀರಿನ ಗ್ಲಾಸುಗಳ ಮೇಲೆ ಹೋದವು. ಅಜಯಕುಮಾರರು ಕೈಗೆ ಸಿಕ್ಕ ಕಾಗದವನ್ನೇ ಗ್ಲಾಸಿನ ಮೇಲೆ ಮುಚ್ಚಿದರು. ಅದು ನನ್ನ ವರದಿಯಾಗಿತ್ತು.

ಪೆಂಡಾಲಿನಲ್ಲಿ ಮೊದಲು ನಕ್ಕವಳು ನಮ್ಮವ್ವ. ನಾನು ಗುಮಾಸ್ತನ ಕಡೆ ತಿರುಗಿದೆ. ಅವನು ಪೆನ್ನು ಎತ್ತಿ ಹಿಡಿದು ಏನು ಬರೆಯಬೇಕೆಂದು ತಿಳಿಯದೆ ಕೂತಿದ್ದ.

"ಇವ್ರೆಲ್ಲಾ ಈಗ ಮುಚ್ಚಿದ್ರಲ್ರಿ," ಎಂದೆ, "ಅದನ್ನ ಬರ್ಕೊಳ್ರಿ."